ಇಂಬಯ್ಯನ ಹೆಸರು

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಹೊಸ್ತಿಲಿಗೆ ನೀರು ಹಾಕಲು ಹೊರಗೆ ಬಂದ ನನಗೆ ಕೈಯಲ್ಲಿದ್ದ ತಂಬಿಗೆ ಕಾಣುತ್ತಿತ್ತು, ಅದರಿಂದ ಸುರಿದ ನೀರು ಎಲ್ಲಿ ಬಿತ್ತೆಂಬುದು ಕಾಣುತ್ತಿರಲಿಲ್ಲ. ಎದುರು ಮನೆಯ ಫಕೀರವ್ವ ಕೆಮ್ಮಿದ್ದು ಕೇಳಿತು, ಅವಳ ಮನೆ ಮಾತ್ರ ಅಲ್ಲಿರಲಿಲ್ಲ. ಜೌಗಿನ ಕಡೆಯಿಂದ ಜೊಂಡುಹುಲ್ಲಿನ ಹಸಿ ವಾಸನೆ ಮಂಜಿನ ಜೊತೆಗೇ ಬಂದು ಓಣಿಯಲ್ಲಿ ಕೂತಿತ್ತು. ಗಾಳಿ ಸ್ವಲ್ಪವೂ ಇರಲಿಲ್ಲ. ಇಂಥ ದಿನ ಶಿವನೂ ಕಣ್ಣು ಮುಚ್ಚಿ ಕೂತಿರುತ್ತಾನೆ ಎಂದು ನಮ್ಮತ್ತೆ ಹೇಳುತ್ತಿದ್ದರು. ನಾನು ರಂಗೋಲಿಯನ್ನು ಅಂದಾಜಿನ ಮೇಲೆ ಎಳೆದು ಒಳಗೆ ಬಂದೆ.

ಒಳಗೆ ಮಗ ಹಾಸಿಗೆಯಲ್ಲಿ ಎದ್ದು ಕೂತಿದ್ದ. ಕಿವಿಯನ್ನು ಅಂಗೈಯಿಂದ ಉಜ್ಜಿಕೊಳ್ಳುತ್ತಿದ್ದ.

"ಯಾರೋ ನನ್ನ ಕರದಂಗಾತು ಅವ್ವಾ. ಹೆಣ್ಮಗಳ ದನಿ."

"ಯಾರೂ ಇಲ್ಲ, ಮಲ್ಕೋ. ಇನ್ನೂ ಬೆಳಕಾಗಿಲ್ಲ," ಎಂದೆ.

ಅವನನ್ನು ಮಲಗಿಸಿ, ಕೌದಿ ಹೊದಿಸಿ, ಬೆನ್ನು ತಟ್ಟಿದೆ. ಅವನು ಮತ್ತೆ ನಿದ್ದೆ ಹೋಗುವವರೆಗೂ ತಟ್ಟಿದೆ. ಆ ಕೈ ಈಗಲೂ ನನ್ನದೇ. ರೊಟ್ಟಿ ಬಡಿಯುವಾಗ ಕೆಲವು ಸಲ ಅದರ ಸಪ್ಪಳ ಕೇಳಿ ನನಗೆ ಮೈ ಹಿಡಿಯಾಗುತ್ತದೆ.

ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳಬೇಕೆಂದರೆ, ನಮ್ಮೂರಲ್ಲಿ ಒಂದು ಹೆಸರಿಗೆ ಒಂದೇ ಕಿವಿ. ಆ ಹೆಸರು ಒಬ್ಬನಿಗೇ ಇದ್ದರೆ ಅವನನ್ನು ಊರಿನ ಯಾವ ಮೂಲೆಯಿಂದ ಪಿಸುಗುಟ್ಟಿ ಕರೆದರೂ ಪಕ್ಕದಲ್ಲಿ ನಿಂತು ಕರೆದ ಹಾಗೆ ಕೇಳಿಸುತ್ತದೆ. ಇಬ್ಬರಿಗಿದ್ದರೆ ಅರ್ಧರ್ಧ. ಹತ್ತು ಜನಕ್ಕಿದ್ದರೆ ಹತ್ತು ಪಾಲು. ನನ್ನ ಹೆಸರು ನಿಂಗವ್ವ. ನಮ್ಮ ಓಣಿಯೊಂದರಲ್ಲೇ ಎಷ್ಟು ಜನ ನಿಂಗವ್ವಂದಿರು ಇದ್ದೇವೆಂದರೆ, ನನ್ನೆದುರು ನಿಂತು ಹೆಸರು ಹಿಡಿದು ಕೂಗಿದರೂ ನನಗೆ ತುಟಿ ಅಲ್ಲಾಡಿದ್ದು ಮಾತ್ರ ಕಾಣುತ್ತದೆ. ಹಾಗಾಗಿ ನನ್ನನ್ನು ಎಲ್ಲರೂ "ಏ ಚಾಪಿ ಮನಿಯಾಕಿ" ಎಂದೇ ಕರೆಯುವುದು. ಅಡ್ಡಹೆಸರಿಗೆ ಈ ಕಾಟವಿಲ್ಲ, ಅದು ಎಲ್ಲ ಸದ್ದಿನ ಹಾಗೆ ಕಿವಿಗೆ ಬೀಳುತ್ತದೆ. ಶಾಲೆಯಲ್ಲಿ ಮಾಸ್ತರರು ಬಸವರಾಜರನ್ನು ಕೂಗುವುದಿಲ್ಲ, ಹತ್ತಿರ ಹೋಗಿ ಭುಜ ಮುಟ್ಟುತ್ತಾರೆ. ಹಂಚಿಹೋದ ಹೆಸರಿನವರು ಸುಖವಾಗಿ ನಿದ್ದೆ ಮಾಡುತ್ತಾರೆ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತು ಗಂಟಲು ಹರಿದುಕೊಂಡರೂ ಅವರಿಗೆ ಏನೂ ಅನಿಸುವುದಿಲ್ಲ. ಒಂಟಿ ಹೆಸರು ಇಟ್ಟುಕೊಂಡವರದ್ದೇ ಪಾಡು. ಯಾರೋ ಯಾವುದೋ ಕಟ್ಟೆಯ ಮೇಲೆ ಅವರ ಹೆಸರೆತ್ತಿ ಆಡಿಕೊಂಡರೆ ಊಟದ ತಟ್ಟೆಯ ಮುಂದೆ ಕೂತಲ್ಲೇ ಗೊತ್ತಾಗುತ್ತದೆ. ಏನು ಆಡಿದರೆಂಬುದು ಗೊತ್ತಾಗುವುದಿಲ್ಲ, ಹೆಸರಷ್ಟೇ ಕೇಳುತ್ತದೆ. ತುತ್ತು ಗಂಟಲಿಗೆ ಇಳಿಯುವುದಿಲ್ಲ.

ಇಂಬಯ್ಯ ಎಂಬುದು ಹಾಗೆ ಒಂಟಿಯಾಗಿ ಉಳಿದುಬಂದ ಹೆಸರು. ಅದರ ಹುಟ್ಟನ್ನು ನಮ್ಮ ಹಿರಿಯರು ಹೀಗೆ ಹೇಳುತ್ತಾರೆ. ಊರು ಇನ್ನೂ ಊರಾಗುವ ಮೊದಲು ಇಲ್ಲಿ ಇದ್ದದ್ದು ಜೌಗು, ಜೊಂಡು, ನಡುವೆ ಒಂದು ಒಣ ದಿಬ್ಬ. ನೀರು ಏರಿದಾಗ ಎಲ್ಲೆಲ್ಲಿಂದಲೋ ಓಡಿಬಂದವರು ಆ ದಿಬ್ಬ ಹತ್ತಿ ಹೆಗಲಿಗೆ ಹೆಗಲು ತಾಗಿಸಿ ನಿಂತರು. ದಿಬ್ಬ ತುಂಬಿದ ಮೇಲೆ ಒಬ್ಬ ಬಾಣಂತಿ ಕೂಸನ್ನು ಎತ್ತಿಕೊಂಡು ಬಂದಳು. ಅವಳಿಗೆ ಕಾಲೂರಲು ಜಾಗವಿರಲಿಲ್ಲ. ಅಂಚಿನಲ್ಲಿ ನಿಂತಿದ್ದ ಒಬ್ಬಾತ ಮಾತಿಲ್ಲದೆ ನೀರಿಗೆ ಇಳಿದು ತಾನು ನಿಂತ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟ. ನೀರು ಇಳಿಯುವವರೆಗೂ ಎದೆಮಟ್ಟ ನೀರಿನಲ್ಲೇ ನಿಂತಿದ್ದ. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಇಂಬು ಕೊಟ್ಟ ಅಯ್ಯ ಎಂದರು, ಇಂಬಯ್ಯ ಎಂದರು. ಇಂಬು ಎಂದರೆ ಕಾಲಿಡಲು ಜಾಗ, ತಲೆಯಿಡಲು ನೆಲೆ. ಆ ಮನೆತನದಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಳಿಯುತ್ತ ಬಂತು, ಒಂದು ಕಾಲಕ್ಕೆ ಒಬ್ಬನೇ ಇಂಬಯ್ಯ. ಬೇರೆ ಮನೆಯವರು ಆ ಹೆಸರಿಗೆ ಆಸೆಪಟ್ಟವರಲ್ಲ, ಏಕೆಂದರೆ ಅದರ ಹಿಂದೆ ಒಂದು ಕೆಲಸವೂ ಬರುತ್ತಿತ್ತು. ಜೌಗಿನಲ್ಲಿ ದಾರಿ ತಪ್ಪಿದವರು ಆ ಹೆಸರು ಹಿಡಿದು ಕರೆದರೆ ಅವನು ಎದ್ದು ಹೋಗಬೇಕು. ನಮ್ಮೂರಿನವರು ಬದುಕುವುದೇ ಜೊಂಡು ಕೊಯ್ದು ಚಾಪೆ ಹೆಣೆದು. ದಾರಿ ತಪ್ಪುವವರಿಗೆ ಕೊರತೆಯಿಲ್ಲ.

ನಮ್ಮ ಕಾಲದ ಇಂಬಯ್ಯ ಉದ್ದನೆಯ ಮನುಷ್ಯ, ಮಾತು ಕಡಿಮೆ. ಊಟಕ್ಕೆ ಕೂತವನು ಥಟ್ಟನೆ ತಲೆ ಎತ್ತಿ ಒಂದು ದಿಕ್ಕಿಗೆ ನೋಡಿದರೆ ಅವನ ಹೆಂಡತಿ ಪಾರವ್ವ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಡುತ್ತಿದ್ದಳು. ಅವನು ಕೋಲು ಹಿಡಿದು ಹೊರಡುತ್ತಿದ್ದ. ಅವಳು ಒಂದು ದಿನವೂ ಅವನನ್ನು ಹೆಸರು ಹಿಡಿದು ಕರೆದವಳಲ್ಲ. ಗಂಡನ ಹೆಸರು ಹೇಳಬಾರದೆಂಬುದು ನಮ್ಮಲ್ಲಿ ಎಲ್ಲ ಹೆಂಗಸರ ನೇಮ, ನಾನೂ ಹೇಳುವುದಿಲ್ಲ. ಇಂಬಯ್ಯ ಇದನ್ನೇ ಹಿಡಿದು ನಗೆಯಾಡುತ್ತಿದ್ದ. ಊರೆಲ್ಲ ನನ್ನನ್ನು ಕರೆಯುತ್ತದೆ, ಮನೆಯೊಳಗಿನವಳೊಬ್ಬಳು ಕರೆಯುವುದಿಲ್ಲ ಎನ್ನುತ್ತಿದ್ದ. ಪಾರವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಆ ಹೆಸರನ್ನು ಮೊದಲು ಬೇಡಿದವಳು ನಾನು. ನನಗೆ ಹುಟ್ಟಿದ ಮೊದಲ ಕೂಸುಗಳು ತೊಟ್ಟಿಲು ಕಾಣಲಿಲ್ಲ, ಹೆಸರಿಡುವ ಮುಂಚೆಯೇ ಹೋದವು. ಹೆಸರಿಲ್ಲದೆ ಹೋದ ಕೂಸನ್ನು ನಮ್ಮಲ್ಲಿ ಗುರುತು ಹಾಕದೆ ಮಣ್ಣಿಗಿಡುತ್ತಾರೆ. ಮತ್ತೆ ಬಸುರಾದಾಗ, ದಿನ ತುಂಬಿದ್ದರೂ ಹಟ ಮಾಡಿ ಜೊಂಡು ಕೊಯ್ಯಲು ಹೋದೆ. ಮಂಜು ಇಳಿಯಿತು, ನೋವೂ ಶುರುವಾಯಿತು. ಎರಡೂ ಕೈಯಲ್ಲಿ ಜೊಂಡು ಹಿಡಿದು, ಕೂಗಲು ಉಸಿರಿಲ್ಲದೆ, ಗಂಟಲಲ್ಲೇ ಆ ಹೆಸರು ಹೇಳಿದೆ. ಅವನು ಬಂದ. ನನ್ನನ್ನು ಬೆನ್ನ ಮೇಲೆ ಹೊತ್ತು ತಂದ. ಆ ಸಂಜೆ ಹುಟ್ಟಿದ ಗಂಡುಕೂಸು ಬದುಕಿತು. ನಾನು ಅವನ ಮನೆಗೆ ಹೋಗಿ, ಅಣ್ಣಾ, ನಿನ್ನ ಹೆಸರನ್ನು ನನ್ನ ಮಗನಿಗೆ ಕೊಡು ಎಂದು ಸೆರಗೊಡ್ಡಿ ಕೇಳಿದೆ. ಪಾರವ್ವ ಗಂಡನ ಮುಖ ನೋಡಿದಳು.

"ಇಡವ್ವಾ," ಎಂದ ಇಂಬಯ್ಯ. "ಅರ್ಧ ನಿನ್ನ ಮಗಗ ಹೋದ್ರ ನನಗೂ ಒಂದೀಟು ನಿದ್ದಿ ಬರತೈತಿ."

ನಕ್ಕೆವು. ನಮ್ಮ ಮನೆಯವರ ತಂಗಿ ಬಂದು ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಇಂಬಯ್ಯ ಎಂದಳು. ಕೂಸು ಕಣ್ಣರಳಿಸಿತು. ಅಂದಿನಿಂದ ಒಂದು ಸಣ್ಣ ಜ್ವರವೂ ಇಲ್ಲದೆ ಬೆಳೆಯಿತು. ಹೆಸರೇ ಅವನನ್ನು ಹಿಡಿದುಕೊಂಡಿದೆ ಎಂದು ನಾನು ನಂಬಿದೆ, ದೇವರ ಮುಂದೆ ದೀಪ ಹಚ್ಚಿದಾಗಲೆಲ್ಲ ಹೇಳಿಕೊಂಡೆ, ಕೇಳಿದವರಿಗೆಲ್ಲ ಹೇಳಿದೆ. ಹೇಳಬಾರದಿತ್ತು. ಮಕ್ಕಳಾಗದವರು ಹರಕೆ ಹೊತ್ತು ಅದೇ ಹೆಸರಿಟ್ಟರು. ಅವನಿಂದ ಜೀವ ಉಳಿಸಿಕೊಂಡವರು ಋಣ ತೀರಿಸುತ್ತೇವೆಂದು ಇಟ್ಟರು. ಆಮೇಲೆ ಬರಿಯ ಚಂದಕ್ಕೆ ಇಟ್ಟರು. ಫಕೀರವ್ವ ತನ್ನ ಮೂರನೆಯವನಿಗೆ ಇಟ್ಟದ್ದು ಹಾಗೆಯೇ. ಓಣಿಗೆ ನಾಲ್ಕಾರು ಇಂಬಯ್ಯಂದಿರಾದರು. ಪ್ರತಿ ತಾಯಿಯೂ ಇಂಬಯ್ಯನ ಬಾಗಿಲಿಗೆ ಹೋಗಿ ಕೇಳಿದಳು. ಅವನು ಯಾರಿಗೂ ಇಲ್ಲವೆನ್ನಲಿಲ್ಲ. ಹೆಸರಿನಲ್ಲೂ ಜಾಗ ಬಿಟ್ಟುಕೊಡುತ್ತ ಹೋದ. ಕರೆದರೆ ಬರುವುದು ತಡವಾಗತೊಡಗಿತು. ವಯಸ್ಸಾಯಿತು ಎಂದೆವು. ಯಾಕೆ ತಡವಾಗುತ್ತಿದೆಯೆಂದು ನಮಗೆಲ್ಲ ಗೊತ್ತಿತ್ತು.

ಆ ಮಂಜಿನ ದಿನ ನಸುಕಿನಲ್ಲೇ ಪಾರವ್ವ ಜೌಗಿಗೆ ಹೋಗಿದ್ದಳು. ಅವಳು ಹೊರಟಾಗ ಮಂಜಿರಲಿಲ್ಲವಂತೆ. ಹೊತ್ತು ಮೇಲೇರಿದರೂ ಮನೆಗೆ ಬರಲಿಲ್ಲವೆಂದು ಇಂಬಯ್ಯ ದಂಡೆಗೆ ಹೋಗಿ ನಿಂತ. ಸುದ್ದಿ ಓಣಿಗೆ ಬಂದಾಗ ನಾನು ಒಲೆಯ ಮುಂದಿದ್ದೆ. ಹೆಣ್ಮಗಳ ದನಿ ಎಂದು ಮಗ ಹೇಳಿದ್ದು ಆಗ ನೆನಪಾಯಿತು. ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು. ಮಗನನ್ನು ಮನೆಯಲ್ಲೇ ಬಿಟ್ಟು ದಂಡೆಗೆ ಹೋದೆ.

ಗಂಡಸರು ಹಗ್ಗ ಹಿಡಿದು ಜೌಗಿಗೆ ಇಳಿದರು, ಸೊಂಟದವರೆಗೆ ಕೆಸರಾಗಿ ಮರಳಿದರು. ಪಾರವ್ವ ಎಂಬ ಹೆಸರಿನವರೂ ಊರಲ್ಲಿ ಬಹಳ, ಎಷ್ಟು ಕೂಗಿದರೂ ಅವಳಿಗೆ ಮುಟ್ಟುವಂತಿರಲಿಲ್ಲ. ದಿನಾ ಹೊತ್ತು ನೆತ್ತಿಗೆ ಬಂದರೆ ಜೌಗಿನೊಳಗೆ ಹಿನ್ನೀರು ಏರುತ್ತದೆ. ದಂಡೆಯ ಮೇಲೆ ಸೇರಿದವರಲ್ಲಿ ಮಗನಿಗೆ ಆ ಹೆಸರಿಟ್ಟ ಒಬ್ಬಳು, ನನ್ನ ಮಗ ಬೆಳಿಗ್ಗೆಯಿಂದ ಸೊಳ್ಳೆ ಎಂದು ಕಿವಿ ಹೊಡೆದುಕೊಳ್ಳುತ್ತಿದ್ದಾನೆ ಎಂದಳು. ನನ್ನವನೂ ಹಾಗೇ ಮಾಡಿದ ಎಂದಳು ಇನ್ನೊಬ್ಬಳು. ಆಗ ಎಲ್ಲರಿಗೂ ತಿಳಿಯಿತು. ಪಾರವ್ವ ಗಂಡನ ಹೆಸರು ಹೇಳುತ್ತಿದ್ದಳು. ಹುಟ್ಟಿದ ಮೇಲೆ ಮೊದಲ ಸಲ ಹೇಳುತ್ತಿದ್ದಳು. ಅದು ಊರಿನ ಮಕ್ಕಳ ಕಿವಿಯಲ್ಲಿ ಸೊಳ್ಳೆಯಾಗಿ ಹಾರಾಡುತ್ತಿತ್ತು.

ಇಂಬಯ್ಯ ತಲೆಯನ್ನು ಆ ಕಡೆ ಈ ಕಡೆ ವಾಲಿಸುತ್ತಿದ್ದ. ನನಗೂ ಏನೋ ಕೇಳುತ್ತಿದೆ, ದಿಕ್ಕು ಸಿಗುತ್ತಿಲ್ಲ ಎಂದ. ತಡವಾಗದೆ ದಿಕ್ಕು ಸಿಗಬೇಕಾದರೆ ಹೆಸರು ಪೂರ್ತಿ ಅವನೊಬ್ಬನದೇ ಆಗಿರಬೇಕು. ಇದನ್ನು ಅವನು ಹೇಳಲಿಲ್ಲ. ದಂಡೆಗೆ ಬಂದಿದ್ದ ಮಠದ ಸ್ವಾಮಿಗಳು, ನಮ್ಮ ಅಜ್ಜಾರು, ಹೇಳಿದರು. ಹೆಸರು ಬೇಡಿ ತಂದವಳೇ ಮಗುವಿನ ಕೈ ಹಿಡಿದು ಬಂದು, ಕೊಟ್ಟವನ ಕಿವಿಯಲ್ಲಿ ಆ ಹೆಸರು ಹೇಳಿ, ನಿನ್ನದು ನಿನಗೆ ಎಂದರೆ ಅದು ಮರಳುತ್ತದೆ, ಹಿಂದೆ ಯಾರೂ ಮಾಡಿದ್ದಿಲ್ಲ, ಆದರೆ ಕ್ರಮ ಇದೆ ಎಂದರು.

ಹೆಸರು ಬಿಟ್ಟುಕೊಟ್ಟ ಮಗು ಇನ್ನೊಂದು ತೊಟ್ಟಿಲು ಕಾರ್ಯ ಆಗುವವರೆಗೆ ಹೆಸರಿಲ್ಲದ್ದು. ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಎಲ್ಲರೂ ಕೊನೆಗೆ ನೋಡಿದ್ದು ನನ್ನ ಕಡೆಗೆ. ಮೊದಲು ತಂದವಳು ನಾನಲ್ಲವೇ. ನಾನು ಕಾಲಿನ ಬಳಿಯ ಮಣ್ಣು ನೋಡುತ್ತ ನಿಂತೆ.

ಆಗ ಮುಂದೆ ಬಂದವಳು ಫಕೀರವ್ವ. ಅವಳ ಬಾಯಿ ಜೋರು, ಪೂಜೆ ಪುನಸ್ಕಾರ ಕಡಿಮೆ, ನಾನು ಅವಳನ್ನು ಮನಸ್ಸಿನಲ್ಲಿ ಸ್ವಲ್ಪ ಕೆಳಗೇ ಇಟ್ಟಿದ್ದೆ.

"ನಂದು ಮೊದಲು ತಗೋ ಅಣ್ಣಾ," ಎಂದಳು. "ಮಂದಿ ಉಟ್ಟ ಸೀರಿ ನೋಡಿ ನಾನೂ ಕೊಂಡಂಗ ಇಟ್ಟಿದ್ದೆ. ನಮ್ಮ ಹುಡುಗ ಒಂದೀಟು ದಿನ ಏ ಮೂಗಾ ಅಂದ್ರೂ ಬರ್ತಾನ."

ಕೆಲವರು ಅಳುತ್ತಲೇ ನಕ್ಕರು. ಅವಳು ಇಂಬಯ್ಯನ ಕಿವಿಯ ಬಳಿ ಬಾಯಿಟ್ಟು ಹೇಳಿದಳು. ಅವಳ ಹುಡುಗ ಒಂದು ಕ್ಷಣ ತಾನು ಯಾರ ಮಗನೆಂದು ಮರೆತವನ ಹಾಗೆ ನೋಡಿದ, ಆಮೇಲೆ ಅವಳ ಸೀರೆ ಹಿಡಿದುಕೊಂಡ. ಅವನಿಗೆ ಬೇರೇನೂ ಆಗಲಿಲ್ಲ. ಅವಳ ಹಿಂದೆ ಇನ್ನೊಬ್ಬಳು ಬಂದಳು, ಅವಳ ಹಿಂದೆ ಮತ್ತೊಬ್ಬಳು. ಸಾಲಾಯಿತು. ಆ ಗದ್ದಲದಲ್ಲಿ ನಾನು ಹಿಂದಕ್ಕೆ ಸರಿದೆ. ಸರಿಯುತ್ತಿದ್ದವಳ ರಟ್ಟೆಯನ್ನು ಫಕೀರವ್ವ ಹಿಡಿದಳು.

"ನಿನ್ನ ಮಗ ಎಲ್ಲಿ ಅದಾನ?"

"ಅವರ ಮಾವನ ಊರಿಗೆ ಹೋಗ್ಯಾನ," ಎಂದೆ.

"ನಿನ್ನೆ ಸಂಜೀಕ ನಮ್ಮ ಕಟ್ಟಿ ಮ್ಯಾಲ ಆಡಾಕತ್ತಿದ್ದ."

"ಮುಂಜಾನೆ ಎದ್ದು ಹೋದ."

"ಈ ಮಂಜಿನಾಗ?"

ನಾನು ರಟ್ಟೆ ಬಿಡಿಸಿಕೊಂಡು ನಡೆದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಊರ ಗಡಿ ದಾಟಿದವನಿಗೆ ಹೆಸರಿನಲ್ಲಿ ಪಾಲಿರುವುದಿಲ್ಲ, ಆದ್ದರಿಂದ ಮಗ ಊರಲ್ಲಿಲ್ಲವೆಂದರೆ ಯಾರೂ ನನ್ನನ್ನು ಕೇಳುವಂತಿರಲಿಲ್ಲ. ಇಷ್ಟನ್ನು ನಾನು ನಿಂತ ನಿಲುವಿನಲ್ಲೇ ಲೆಕ್ಕ ಹಾಕಿದ್ದೆ. ಇನ್ನೊಂದನ್ನು ಹಾಕಿರಲಿಲ್ಲ.

ಮನೆಗೆ ಬಂದು ಅಗುಳಿ ಹಾಕಿದೆ. ಮಗ ಹೆಣೆದಿಟ್ಟ ಚಾಪೆಗಳ ಸುರುಳಿಯ ಹಿಂದೆ ಕೂತಿದ್ದ. ಎರಡೂ ಕಿವಿಗೆ ಕೈ ಮುಚ್ಚಿಕೊಂಡಿದ್ದ.

"ಬರಬರತಾ ಜೋರಾಗಾಕತ್ತೈತಿ ಅವ್ವಾ."

ಅದು ನಾನು ಯೋಚಿಸದೆ ಬಿಟ್ಟದ್ದು. ದಂಡೆಯಲ್ಲಿ ಒಬ್ಬೊಬ್ಬರೇ ಹೆಸರು ಮರಳಿಸುತ್ತಿದ್ದ ಹಾಗೆ ಉಳಿದವರ ಪಾಲು ದೊಡ್ಡದಾಗುತ್ತಿತ್ತು. ಇಂಬಯ್ಯನಿಗೆ ಹೆಚ್ಚುತ್ತಿದ್ದಷ್ಟೇ ನನ್ನ ಮಗನಿಗೂ ಹೆಚ್ಚುತ್ತಿತ್ತು. ಅವನ ಕೈಗಳ ಮೇಲೆ ನನ್ನ ಕೈಗಳನ್ನೂ ಒತ್ತಿ ಹಿಡಿದೆ. ಹೆಸರು ಹೊರಗಿನಿಂದ ಬರುವುದಿಲ್ಲ, ಮುಚ್ಚಿದರೆ ನಿಲ್ಲುವುದಿಲ್ಲ.

ಯಾರು ಕರೆಯುತ್ತಿದ್ದಾರೆಂದು ನಾನು ಕೇಳಲಿಲ್ಲ. ಅವನೇ ಹೇಳಿದ. ಅವಳು ನಾಚಿಕೊಂಡು ಕರೆಯುತ್ತಿದ್ದಾಳೆ ಎಂದ. ಹೆಸರಿನ ನಡುವೆ ಒಮ್ಮೆ ನಿಲ್ಲುತ್ತಾಳೆ, ತಪ್ಪು ಮಾಡಿದವರ ಹಾಗೆ ಮತ್ತೆ ಶುರು ಮಾಡುತ್ತಾಳೆ ಎಂದ. ಸ್ವಲ್ಪ ಹೊತ್ತಿನ ಮೇಲೆ, ಈಗ ನಾಚಿಕೆ ಬಿಟ್ಟಿದ್ದಾಳೆ, ಒದರುತ್ತಿದ್ದಾಳೆ ಎಂದ. ಆಮೇಲೆ ಅವನ ಮುಖ ಬಿಳಿಚಿಕೊಂಡಿತು, ನನ್ನ ಮಡಿಲಿಗೆ ತಲೆಯಿಟ್ಟ. ನಾನು ದೇವರ ಗೂಡಿನ ಕಡೆಗೆ ನೋಡಿದೆ. ಹೆಸರಿಲ್ಲದೆ ಹೋದ ನನ್ನ ಕೂಸುಗಳನ್ನು ನೆನೆದೆ. ಇವನಿಗೂ ಹೆಸರಿಲ್ಲದಂತಾದರೆ ಯಾರನ್ನು ಕಾಪಾಡು ಎಂದು ನಿನ್ನಲ್ಲಿ ಬೇಡಲಿ ತಂದೆ ಎಂದೆ. ದೀಪ ತನ್ನಷ್ಟಕ್ಕೆ ಉರಿಯುತ್ತಿತ್ತು. ಅಷ್ಟು ವರ್ಷ ಅದರ ಮುಂದೆ ಕೂತು ನಾನು ಬೇಡಿದ್ದೆಲ್ಲ ಬರೀ ನನ್ನ ಮನೆಯೊಳಗಿನದೇ ಎಂದು ಅನಿಸಿ ಅಲ್ಲಿ ಕೂರಲಾಗಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ನಮ್ಮ ಮನೆಯವರು. ಬಟ್ಟೆಯೆಲ್ಲ ಕೆಸರು, ಕೈಯಲ್ಲಿ ಹಗ್ಗ. ಒಳಗೆ ಬಂದು ಚಾಪೆಯ ಹಿಂದೆ ಕೂತ ಮಗನನ್ನು ನೋಡಿದರು, ನನ್ನನ್ನು ನೋಡಿದರು. ದಂಡೆಯಲ್ಲಿ ಎಲ್ಲರೂ ಮರಳಿಸಿ ಆಯಿತು ಎಂದರು. ಇಂಬಯ್ಯ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿಸಿಕೊಂಡನಂತೆ. ಅರ್ಧ ಮಾತ್ರ ಕೇಳುತ್ತಿದೆ ಎಂದು ಅವನ ಮುಖ ನೋಡಿದವರಿಗೆಲ್ಲ ತಿಳಿಯಿತಂತೆ. ಅಂದರೆ ಊರ ಗಡಿಯೊಳಗೆ ಇನ್ನೊಬ್ಬ ಇಂಬಯ್ಯ ಇದ್ದಾನೆ. ಯಾರ ಮನೆಯಲ್ಲೆಂದು ಹೇಳಬೇಕಾಗಿರಲಿಲ್ಲ. ನಮ್ಮ ಮನೆಯ ಕಡೆಗೆ ಹೊರಟ ಫಕೀರವ್ವನನ್ನು ಇಂಬಯ್ಯನೇ ತಡೆದನಂತೆ.

"ಏನಂದ?" ಎಂದೆ.

"ಆಕಿ ಎರಡು ಮಣ್ಣಿಗಿಟ್ಟಾಕಿ, ಆಕೀನ ಕೇಳಬ್ಯಾಡ್ರಿ ಅಂದ. ಕೇಳಿದಷ್ಟರಾಗ ಹುಡುಕ್ತೀನಿ ಅಂದ."

ಅವರು ಇಷ್ಟು ಹೇಳಿ ಹಗ್ಗವನ್ನು ಸುರುಳಿ ಮಾಡತೊಡಗಿದರು. ನನ್ನನ್ನು ಬೈಯಲಿಲ್ಲ. ನೀರು ಏರತೊಡಗಿದೆ ಎಂದು ಹಗ್ಗಕ್ಕೆ ಹೇಳುವವರ ಹಾಗೆ ಹೇಳಿದರು. ಇಂಬಯ್ಯ ಒಂದು ಕೆಟ್ಟ ಮಾತು ಆಡಿದ್ದರೆ ನಾನು ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದೆನೋ ಏನೋ. ಊರಿನವರೆದುರು ನನ್ನ ಸುಳ್ಳಿಗೂ ಅವನು ಕಾಲಿಡಲು ಜಾಗ ಬಿಟ್ಟುಕೊಟ್ಟಿದ್ದ. ನನ್ನ ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಸುಡುತ್ತಿದ್ದವು. ನೆಲ ಬಿಟ್ಟು ಬೇರೆ ಕಡೆ ನೋಡಲು ಆಗುತ್ತಿರಲಿಲ್ಲ.

"ಅವ್ವಾ," ಎಂದ ಮಗ. "ಈಗ ಸಣ್ಣಗ ಕರಿಯಾಕತ್ತಾಳ. ಬಾಯಾಗ ನೀರು ಇದ್ದಂಗ ಐತಿ."

ಅವನ ಕೈ ಹಿಡಿದು ಎಬ್ಬಿಸಿದೆ. ಚಪ್ಪಲಿ ಮೆಟ್ಟಿಕೊಳ್ಳಲಿಲ್ಲ. ಮಂಜು ಹಾಗೇ ಇತ್ತು, ಓಣಿಯನ್ನು ಗೋಡೆ ಸವರುತ್ತ ದಾಟಿದೆವು. ದಾರಿಯಲ್ಲಿ ಅವನು, ನನ್ನನ್ನು ಆಮೇಲೆ ಏನೆಂದು ಕರೆಯುತ್ತೀ ಎಂದು ಕೇಳಿದ. ಮಗನೇ ಎನ್ನುತ್ತೇನೆ ಎಂದೆ. ಅದಕ್ಕೂ ಪಾಲಿದೆಯೇ ಎಂದ. ಇಲ್ಲ ಎಂದೆ. ನನ್ನ ದನಿ ನನಗೇ ಬೇರೆಯವರದು ಅನಿಸಿತು.

ದಂಡೆಯ ಮೇಲೆ ಜನ ಮಂಜಿನಲ್ಲಿ ನೆರಳುಗಳ ಹಾಗೆ ನಿಂತಿದ್ದರು. ನಾವು ಬಂದದ್ದು ಕಂಡು ದಾರಿ ಬಿಟ್ಟರು. ಫಕೀರವ್ವ ತುಟಿ ಬಿಗಿಹಿಡಿದು ಮುಖ ಆಚೆ ತಿರುಗಿಸಿದಳು, ಅದು ನನ್ನ ಮೇಲಿನ ದಯೆ ಎಂದು ನನಗೆ ಗೊತ್ತಾಯಿತು. ಇಂಬಯ್ಯ ನೀರಿನ ಅಂಚಿನಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತಿದ್ದ. ಒಂದು ಕಾಲು ಆಗಲೇ ನೀರಿನೊಳಗಿತ್ತು. ಗಂಡಸರು ಬೆಳಿಗ್ಗೆಯಿಂದ ಹುಡುಕಿದ್ದೂ ಆ ಕಡೆಯನ್ನೇ.

"ಅಣ್ಣಾ," ಎಂದೆ.

ಅವನು ತಿರುಗಿದ. ನನ್ನನ್ನು ನೋಡಿದ, ಮಗನನ್ನು ನೋಡಿದ. ಮಾವನ ಊರಿಂದ ಯಾವಾಗ ಬಂದ ಎಂದು ಕೇಳಲಿಲ್ಲ. ಅಷ್ಟು ಎತ್ತರದ ಮನುಷ್ಯ, ನನ್ನ ಬಾಯಿ ಅವನ ಕಿವಿಗೆ ಎಟುಕಲೆಂದು ಕೆಸರಿನಲ್ಲೇ ಕುಕ್ಕರಗಾಲಿನಲ್ಲಿ ಕೂತ. ಮಗ ತನ್ನಷ್ಟಕ್ಕೆ ಮುಂದೆ ಹೋಗಿ ಅವನ ಅಂಗೈಯಲ್ಲಿ ಕೈಯಿಟ್ಟ. ನಾನು ಬಾಗಿದೆ. ಯಾರಿಗೂ ಕೇಳಿಸದಷ್ಟು ಸಣ್ಣಗೆ ಆ ಹೆಸರು ಹೇಳಿದೆ, ನಿನ್ನದು ನಿನಗೆ ಎಂದೆ.

ಮಗ ಕಿವಿಯ ಮೇಲಿಂದ ಇನ್ನೊಂದು ಕೈ ತೆಗೆದ. ಇಂಬಯ್ಯ ಎದ್ದು ನಿಂತ, ತಲೆ ವಾಲಿಸಲಿಲ್ಲ, ಅಷ್ಟು ಹೊತ್ತು ಮುಖ ಮಾಡಿದ್ದ ದಿಕ್ಕಿಗೆ ಬೆನ್ನು ಮಾಡಿ ಮೂಡಲ ಕಡೆಯ ಜೊಂಡಿನೊಳಗೆ ದೊಡ್ಡ ಹೆಜ್ಜೆ ಹಾಕಿ ನಡೆದ.